ಮಿಡಿಯುವ ಕರುಳು: ಲ್ಯೂಟ್ ಮತ್ತು ಗಿಟಾರ್ ತಂತಿಗಳ ಚರಿತ್ರೆ

ಕನ್ನಡದಲ್ಲಿ ‘ಮಿಡಿ’ ಎಂಬ ಕ್ರಿಯಾಪದಕ್ಕೆ ಎರಡು ನೆಲೆಗಳಿವೆ. ವೈಣಿಕನು ತಂತಿಯನ್ನು ಮಿಡಿಯುತ್ತಾನೆ. ಪರರ ನೋವನ್ನು ಕಂಡಾಗ ಕರುಳು ಮಿಡಿಯುತ್ತದೆ. ಈ ಎರಡು ಮಿಡಿತಗಳ ನಡುವಣ ನಂಟನ್ನು ನಮ್ಮ ಅನುಭಾವಿಗಳು ಚೆನ್ನಾಗಿ ಬಲ್ಲವರಾಗಿದ್ದರು. ೧೨ನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಕಾಯವನ್ನೇ ವಾದ್ಯವಾಗಿ ಒಪ್ಪಿಸಿಕೊಂಡ ವಚನದಲ್ಲಿ ನರವೇ ತಂತಿಯಾಗುತ್ತದೆ. ಅಲ್ಲಿ ಅದು ಸಮರ್ಪಣೆಯ ರೂಪಕ. ಆದರೆ ಯುರೋಪಿನ ಸಂಗೀತಗಾರರ ಪಾಲಿಗೆ ಅನೇಕ ಶತಮಾನಗಳ ಕಾಲ ಅದು ರೂಪಕವಾಗಿರಲಿಲ್ಲ. ಅಲ್ಲಿ ಮಿಡಿಯುತ್ತಿದ್ದುದು ನಿಜವಾಗಿಯೂ ಕರುಳೇ, ಕುರಿಯ ಕರುಳು. ಲ್ಯೂಟ್ ಎಂಬ ವಾದ್ಯ, ಅದರ ಒಡಹುಟ್ಟಿನಂತಿದ್ದ ವಿಹ್ವೇಲಾ, ಮುಂದೆ ಜಗತ್ತನ್ನೆಲ್ಲ ವ್ಯಾಪಿಸಿದ ಗಿಟಾರ್, ಇವೆಲ್ಲವೂ ಆ ಕರುಳಿನಿಂದಲೇ ನಾದವನ್ನು ಪಡೆದವು. ಯಾವ ತಂತಿಯನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬ ಪ್ರಶ್ನೆ ಅಲ್ಲಿನ ಕಲಾವಿದರಿಗೆ ಅಂಗಡಿಯ ಸಣ್ಣ ವ್ಯವಹಾರವಾಗಿರದೆ ಸಾಧನೆಯ ಮೊದಲ ಪಾಠವೇ ಆಗಿತ್ತು.

ಲ್ಯೂಟನ್ನು ಕಾಣದವರಿಗಾಗಿ ಒಂದು ಮಾತು. ಉದ್ದಕ್ಕೆ ಸೀಳಿದ ಪೇರಲೆ ಹಣ್ಣಿನಂಥ ಒಡಲು, ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಬೆನ್ನು, ಹಿಂದಕ್ಕೆ ಮುರಿದಂತೆ ಬಾಗಿದ ಬಿರಡೆಯ ತಲೆ. ಅರಬರ ಊದ್ ಎಂಬ ವಾದ್ಯದಿಂದ ಹುಟ್ಟಿದ್ದು. ಅದರ ಮೇಲ್ಹಲಗೆಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ತಂತಿಗಳು ಜೋಡಿ ಜೋಡಿಯಾಗಿರುತ್ತವೆ; ಅತಿ ಎತ್ತರದ ಸ್ವರದ ತಂತಿ ಮಾತ್ರ ಸಾಮಾನ್ಯವಾಗಿ ಒಂಟಿ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ನೆಲೆನಿಂತರೆ ಲ್ಯೂಟಿನ ಮೆಟ್ಟಿಲುಗಳೂ ಕರುಳಿನ ತುಂಡುಗಳೇ. ಕೊರಳಿನ ಸುತ್ತ ಬಿಗಿಯಾಗಿ ಗಂಟುಹಾಕಿದವು. ಹೀಗೆ ಇಡೀ ವಾದ್ಯ ಕಟ್ಟಿಗೆ ಮತ್ತು ಕರುಳುಗಳಿಂದ ಆದದ್ದು.

ಕರುಳು ತಂತಿಯಾಗುವ ಬಗೆಯನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಲಲಾಂದ್ ವಿವರವಾಗಿ ದಾಖಲಿಸಿದ್ದಾನೆ. ೧೭೬೫-೬೬ರಲ್ಲಿ ಆತ ಇಟಲಿಯ ಪ್ರವಾಸ ಕೈಗೊಂಡಿದ್ದ. ನಕ್ಷತ್ರಗಳನ್ನು ಎಣಿಸುವ ಪಂಡಿತನೊಬ್ಬ ನೇಪಲ್ಸ್ ನಗರದ ಕರುಳು ಕೆಲಸಗಾರರ ಬಳಿ ಕುಳಿತು ಪ್ರಶ್ನೆ ಕೇಳಿದನೆಂಬುದೇ ಒಂದು ಸೊಗಸು. ಎಳೆಯ ಕುರಿಯ ಸಣ್ಣ ಕರುಳನ್ನು ಬಿಸಿ ಆರುವ ಮುನ್ನವೇ ತೊಳೆಯಬೇಕು. ಹೊರಪೊರೆಯನ್ನೂ ಕೊಬ್ಬನ್ನೂ ಹೆರೆದು ತೆಗೆಯಬೇಕು. ಅನಂತರ ಹಲವು ದಿನಗಳ ಕಾಲ ದಿನದಿಂದ ದಿನಕ್ಕೆ ಖಾರವೇರುವ ಕ್ಷಾರದ ನೀರಿನಲ್ಲಿ ನೆನೆಸಬೇಕು. ಬಳಿಕ ಬೇಕಾದಷ್ಟು ಎಳೆಗಳನ್ನು ಒಟ್ಟುಗೂಡಿಸಿ, ಹಸಿಯಿರುವಾಗಲೇ ಹುರಿಮಾಡಿ, ಚೌಕಟ್ಟಿನ ಮೇಲೆ ಎಳೆದು ಕಟ್ಟಿ, ಗಂಧಕದ ಹೊಗೆಯಲ್ಲಿಟ್ಟು, ಒಣಗಿಸಿ, ಒರಟು ಸಸ್ಯಕಾಂಡದಿಂದ ಉಜ್ಜಿ ನುಣುಪುಗೊಳಿಸಿ, ಎಣ್ಣೆ ಸವರಬೇಕು. ಮ್ಯಾಂಡೊಲಿನ್ನಿನ ತೆಳು ತಂತಿಗೆ ಎರಡೇ ಕರುಳು ಸಾಕು. ಅತಿ ದೊಡ್ಡ ಮಂದ್ರವಾದ್ಯದ ತಂತಿಗೆ ೧೨೦ ಕರುಳುಗಳು ಬೇಕು ಎಂದು ಲಲಾಂದ್ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಈ ತಂತಿಗೆ ‘ಕ್ಯಾಟ್‌ಗಟ್’ ಎಂಬ ಹೆಸರಿದ್ದು, ಬೆಕ್ಕಿನ ಕರುಳೆಂಬ ತಪ್ಪು ತಿಳಿವಳಿಕೆಗೆ ಎಡೆಮಾಡಿದೆ. ಬೆಕ್ಕಿಗೂ ಈ ಕಸುಬಿಗೂ ಸಂಬಂಧವಿಲ್ಲ.

ಈ ಕಸುಬಿನವರು ಹೆಚ್ಚಾಗಿ ಬಂದದ್ದು ಮಧ್ಯ ಇಟಲಿಯ ಅಬ್ರುಜ್ಜೋ ಎಂಬ ಗುಡ್ಡಗಾಡು ಸೀಮೆಯಿಂದ. ಅಲ್ಲಿನ ಸಾಲ್ಲೆ ಮತ್ತು ನೆರೆಯ ಕೆಲವು ಹಳ್ಳಿಗಳ ಮನೆತನಗಳು ತಲೆತಲಾಂತರದಿಂದ ಕರುಳನ್ನು ಹೊಸೆಯುತ್ತಿದ್ದವು. ಕುರಿಮಂದೆಗಳ ನಾಡಾದುದರಿಂದ ಕಚ್ಚಾವಸ್ತುವಿಗೆ ಕೊರತೆಯಿರಲಿಲ್ಲ. ರೋಮ್, ನೇಪಲ್ಸ್ ನಗರಗಳಲ್ಲಿ ನೆಲೆಸಿ ತಂತಿಯ ವ್ಯಾಪಾರವನ್ನು ಕಟ್ಟಿದವರೂ ಬಹುಪಾಲು ಇದೇ ಸೀಮೆಯವರು. ಅರಮನೆಯ ದೀಪಗಳ ಕೆಳಗೆ ಲ್ಯೂಟ್ ನುಡಿಸಿದವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ದುರ್ಗಂಧದ ನೀರಿನಲ್ಲಿ ಮೊಣಕೈವರೆಗೆ ಕೈಯಿಟ್ಟು ಆ ನಾದವನ್ನು ಸಾಧ್ಯವಾಗಿಸಿದವರ ಹೆಸರುಗಳು ಚರ್ಚಿನ ದೀಕ್ಷಾ ದಾಖಲೆಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಕಾಯಕವನ್ನು ಗೌರವಿಸುವ ಕಣ್ಣಿಗೆ ಈ ಅಸಮತೆ ಕಾಣದಿರದು. ೧೯೩೩ರ ಭೂಕಂಪದಲ್ಲಿ ಹಳೆಯ ಸಾಲ್ಲೆ ಗ್ರಾಮ ಹಾಳಾಯಿತು. ಆ ಹೊತ್ತಿಗಾಗಲೇ ಅಲ್ಲಿನ ಕೆಲವು ಮನೆತನಗಳು ಅಮೆರಿಕೆಯ ನ್ಯೂಯಾರ್ಕನ್ನು ಸೇರಿದ್ದವು. ಇಂದು ಜಗತ್ತಿನ ದೊಡ್ಡ ತಂತಿ ತಯಾರಕರಲ್ಲಿ ಒಂದಾದ ಡಿ’ಅಡಾರಿಯೊ ಸಂಸ್ಥೆಯ ಮೂಲ ಆ ಹಳ್ಳಿಯೇ.

ಹೀಗೆ ತಯಾರಾದ ತಂತಿ ಒಂದರಂತೆ ಇನ್ನೊಂದಿರುವುದಿಲ್ಲ. ಜೀವದಿಂದ ಬಂದ ವಸ್ತುವಿನ ಸ್ವಭಾವವೇ ಹಾಗೆ. ಆದುದರಿಂದ ಆಯ್ಕೆಯ ವಿವೇಕವನ್ನು ಕಲಿಸುವ ಹೊಣೆ ಗುರುವಿನದಾಯಿತು. ಇಂಗ್ಲೆಂಡಿನ ಶ್ರೇಷ್ಠ ಲ್ಯೂಟ್ ವಾದಕ ಜಾನ್ ಡೌಲಂಡ್, ತನ್ನ ಮಗ ರಾಬರ್ಟ್ ೧೬೧೦ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪಾಠಸಂಗ್ರಹಕ್ಕೆ ಒಂದು ಪ್ರಬಂಧವನ್ನು ಬರೆದುಕೊಟ್ಟ. ಅದರಲ್ಲಿ ತಂತಿಯ ಬಣ್ಣ, ನುಣುಪು, ಬಿಗಿತಗಳನ್ನು ಪರೀಕ್ಷಿಸುವ ಕ್ರಮವಿದೆ. ಯಾವ ಊರಿನ ತಂತಿ ಯಾವ ಸ್ಥಾನಕ್ಕೆ ಒಗ್ಗುತ್ತದೆಂಬ ವಿವರವಿದೆ. ಕೊಳ್ಳುವ ಕಾಲದ ಬಗ್ಗೆಯೂ ಆತ ಎಚ್ಚರಿಸುತ್ತಾನೆ. ಬೇಸಿಗೆಯಲ್ಲಿ ತಯಾರಿಸಿದ ಒಳ್ಳೆಯ ತಂತಿಗಳನ್ನು ಕುಶಲಕರ್ಮಿಗಳು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಫ್ರಾಂಕ್‌ಫರ್ಟ್ ಮತ್ತು ಲೈಪ್‌ಜಿಗ್ ಜಾತ್ರೆಗಳಿಗೆ ತರುತ್ತಾರೆ. ಈಸ್ಟರ್ ಹಬ್ಬದ ಹೊತ್ತಿಗೆ ಬರುವುದು ಚಳಿಗಾಲದ ತಂತಿ, ಅದು ಅಷ್ಟು ಒಳ್ಳೆಯದಲ್ಲ. ಡೆನ್ಮಾರ್ಕಿನ ಅರಸನ ಆಸ್ಥಾನದಲ್ಲಿ ಸೇವೆ ಸಲ್ಲಿಸಿ ಬಂದ ಮಹಾಕಲಾವಿದ ಜಾತ್ರೆಯ ಲೆಕ್ಕಾಚಾರವನ್ನು ಹೇಳುವಾಗ ಸಂಕೋಚಪಡಲಿಲ್ಲ.

ಅಂದಿನ ಲ್ಯೂಟ್ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಪರೀಕ್ಷೆಯೊಂದಿದೆ. ವಾದ್ಯಕ್ಕೆ ಕಟ್ಟುವ ಮುನ್ನ ತಂತಿಯ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಎಳೆದು, ಬೆರಳಿನಿಂದ ಮಿಡಿಯಬೇಕು. ಅದುರುವ ತಂತಿ ಕಣ್ಣಿಗೆ ಸ್ಪಷ್ಟವಾದ ಎರಡು ಗೆರೆಗಳಾಗಿ ಕಂಡರೆ ಅದು ನಿಜದ ತಂತಿ. ಮೂರು ನಾಲ್ಕು ಗೆರೆಗಳಾಗಿ ಕದಡಿ ಕಂಡರೆ ಅದು ಸುಳ್ಳು ತಂತಿ. ‘ಸುಳ್ಳು’ ಎಂಬ ಶಬ್ದವನ್ನೇ ಅವರು ಬಳಸುತ್ತಿದ್ದರು. ಕಾರಣ ಸರಳವಾದುದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರುವ ತಂತಿಯ ಕಂಪನ ಒಂದೇ ಲಯದಲ್ಲಿ ಸಾಗುವುದಿಲ್ಲ. ಅಂಥ ತಂತಿಯನ್ನು ಬಿಡಿಯಾಗಿ ಮಿಡಿದಾಗ ಸರಿಯೆನಿಸಬಹುದು. ಆದರೆ ಮೆಟ್ಟಿಲುಗಳ ಮೇಲೆ ಬೆರಳಿಟ್ಟಂತೆಲ್ಲ ಶ್ರುತಿ ತಪ್ಪುತ್ತ ಹೋಗುತ್ತದೆ. ಅದನ್ನು ಯಾವ ವಾದಕನ ಕೈಚಳಕವೂ ಸರಿಪಡಿಸಲಾರದು. ಫ್ರಾನ್ಸಿನ ಪಾದ್ರಿ ಮೆರ್ಸೆನ್ ಕೂಡ ೧೬೩೬ರ ತನ್ನ ಬೃಹದ್ಗ್ರಂಥದಲ್ಲಿ ಈ ಪರೀಕ್ಷೆಯನ್ನು ವಿವರಿಸಿದ್ದಾನೆ.

ಇನ್ನು ಶ್ರುತಿ ಮಾಡುವ ಬಗೆ. ಇಂದು ಸ್ವರಗಳಿಗೆ ಅಳತೆಯಿದೆ, ಶ್ರುತಿಕವೆಯಿದೆ, ಯಂತ್ರವಿದೆ. ೧೬ನೆಯ ಶತಮಾನದ ಲ್ಯೂಟ್ ಶಿಷ್ಯನಿಗೆ ಇದ್ದ ಸೂಚನೆ ಒಂದೇ: ಮೊದಲನೆಯ ತಂತಿಯನ್ನು ಅದು ತಾಳುವಷ್ಟು ಎತ್ತರಕ್ಕೆ, ಹರಿಯುವ ಅಂಚಿಗೆ ಸ್ವಲ್ಪವೇ ಕೆಳಗೆ ನಿಲ್ಲಿಸು, ಉಳಿದ ತಂತಿಗಳನ್ನು ಅದಕ್ಕೆ ಹೊಂದಿಸು. ಮೇಲ್ನೋಟಕ್ಕೆ ಇದು ಒರಟು ವಿಧಾನವೆನಿಸುತ್ತದೆ. ಆದರೆ ಇದರಲ್ಲಿ ಆಳವಾದ ಲೆಕ್ಕವೊಂದು ಅಡಗಿದೆ.

ತಂತಿ ಹರಿಯುವ ಭಯವಿದ್ದರೆ ದಪ್ಪನೆಯದನ್ನು ಕಟ್ಟಬಹುದಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಅದು ಸಲ್ಲದು. ತಂತಿಯ ದಪ್ಪ ಎರಡು ಪಟ್ಟಾದರೆ ಅದರ ತ್ರಾಣ ನಾಲ್ಕು ಪಟ್ಟು ಹೆಚ್ಚುತ್ತದೆ, ನಿಜ. ಆದರೆ ಅದರ ತೂಕವೂ ನಾಲ್ಕು ಪಟ್ಟಾಗುವುದರಿಂದ ಅದೇ ಸ್ವರವನ್ನು ಪಡೆಯಲು ಎಳೆತವನ್ನೂ ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ. ಲಾಭವೆಲ್ಲ ನಷ್ಟಕ್ಕೆ ವಜಾ. ಒಂದೇ ಉದ್ದದ ಕರುಳಿನ ತಂತಿ ತೆಳುವಾಗಿರಲಿ ದಪ್ಪವಾಗಿರಲಿ, ಹೆಚ್ಚುಕಡಿಮೆ ಒಂದೇ ಸ್ವರಕ್ಕೆ ಹರಿಯುತ್ತದೆ. ಅದರ ಮೇರೆಯನ್ನು ನಿರ್ಧರಿಸುವವು ಎರಡೇ: ವಸ್ತುವಿನ ಗುಣ ಮತ್ತು ತಂತಿಯ ಉದ್ದ. ಹಾಗಾದುದರಿಂದ ವಾದ್ಯ ಮಾಡುವ ಬಡಗಿಯೂ ಕರುಳಿನ ಆಜ್ಞೆಗೆ ಒಳಗಾದವನೇ. ಸುಮಾರು ೬೦ ಸೆಂಟಿಮೀಟರ್ ಉದ್ದದ ತಂತಿಯ ಲ್ಯೂಟ್ ಒಂದು ಶ್ರುತಿಗೆ, ಅದಕ್ಕಿಂತ ದೊಡ್ಡದು ಇನ್ನೂ ತಗ್ಗಿದ ಶ್ರುತಿಗೆ, ಚಿಕ್ಕದು ಎತ್ತರದ ಶ್ರುತಿಗೆ ಎಂಬ ಕ್ರಮ ಹುಟ್ಟಿದ್ದು ಹೀಗೆ. ಕುರಿಯ ಕರುಳು ತಾಳುವ ಮಿತಿಯೇ ವಾದ್ಯದ ಆಕಾರವನ್ನು ತಿದ್ದಿತು ಎಂದರೆ ಅತಿಶಯೋಕ್ತಿಯಾಗದು.

ಹರಿಯುವ ಅಂಚಿನವರೆಗೆ ಏಕೆ ಹೋಗಬೇಕು, ಮೊದಲ ತಂತಿಯನ್ನು ಸಡಿಲವಾಗಿ ಇಟ್ಟರೆ ಆಗದೇ? ಆಗುತ್ತದೆ, ಆದರೆ ಪೆಟ್ಟು ಬೀಳುವುದು ಮೊದಲ ತಂತಿಗಲ್ಲ, ಕೊನೆಯದಕ್ಕೆ. ಲ್ಯೂಟಿನ ಆರನೆಯ ಜೋಡಿ ಮೊದಲ ತಂತಿಗಿಂತ ಎರಡು ಸ್ಥಾಯಿ ಕೆಳಗಿರುತ್ತದೆ. ಎಳೆತ ಒಂದೇ ಸಮನಾಗಿರಬೇಕಾದರೆ ಅದರ ದಪ್ಪ ಮೊದಲನೆಯದರ ನಾಲ್ಕು ಪಟ್ಟು ಆಗಬೇಕು. ಮೊದಲ ತಂತಿ ೦.೪೩ ಮಿಲಿಮೀಟರ್ ಆದರೆ ಆರನೆಯದು ಸುಮಾರು ೧.೭ ಮಿಲಿಮೀಟರ್. ಅಷ್ಟು ದಪ್ಪದ ಕರುಳು ತಂತಿಯಂತೆ ಬಳುಕುವುದಕ್ಕಿಂತ ಕೋಲಿನಂತೆ ಸೆಟೆಯುತ್ತದೆ, ನಾದ ಮಂಕಾಗುತ್ತದೆ. ವಾದ್ಯವನ್ನು ಇನ್ನಷ್ಟು ತಗ್ಗಿನ ಶ್ರುತಿಯಲ್ಲಿ ಇಟ್ಟರೆ ಮಂದ್ರ ತಂತಿಗಳನ್ನು ಇನ್ನಷ್ಟು ದಪ್ಪಗೊಳಿಸಬೇಕು, ಇಲ್ಲವೇ ಜೋಲುಬಿಡಬೇಕು. ಎರಡರಲ್ಲಿಯೂ ಅವು ಮೂಕವಾಗುತ್ತವೆ. ಮೊದಲ ತಂತಿ ಪ್ರಾಣವನ್ನು ಪಣಕ್ಕಿಟ್ಟು ಎತ್ತರದಲ್ಲಿ ನಿಂತರೆ ಮಾತ್ರ ಕೊನೆಯ ತಂತಿಗೆ ದನಿ ಬರುತ್ತದೆ. ಹೀಗೊಂದು ಒಡಂಬಡಿಕೆ ಆ ವಾದ್ಯದೊಳಗೆ ಇತ್ತು.

ಈ ಲೆಕ್ಕವನ್ನು ಮೊದಲು ಪ್ರಯೋಗದಿಂದ ತಿಳಿದವರಲ್ಲಿ ಒಬ್ಬ ಲ್ಯೂಟ್ ವಾದಕನೇ ಆಗಿದ್ದ ಎಂಬುದು ಸ್ಮರಣೀಯ. ಆತನ ಹೆಸರು ವಿಂಚೆಂಜೋ ಗೆಲಿಲಿ, ಜಗದ್ವಿಖ್ಯಾತ ಗೆಲಿಲಿಯೋನ ತಂದೆ. ತಂತಿಯನ್ನು ಅರ್ಧಕ್ಕೆ ಮೊಟಕಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಆದುದರಿಂದ ಎರಡು ಪಟ್ಟು ತೂಕ ತೂಗಿಸಿದರೂ ಸ್ಥಾಯಿ ಏರಬೇಕೆಂದು ಪ್ರಾಚೀನ ಗ್ರೀಕರ ಕಾಲದಿಂದ ಗ್ರಂಥಗಳು ಹೇಳುತ್ತ ಬಂದಿದ್ದವು. ವಿಂಚೆಂಜೋ ನಿಜವಾಗಿಯೂ ತೂಕಗಳನ್ನು ತೂಗಿಹಾಕಿ ನೋಡಿದ. ಬೇಕಾದದ್ದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಾವಿರಾರು ವರ್ಷ ಪಂಡಿತರು ಒಬ್ಬರ ಮಾತನ್ನು ಒಬ್ಬರು ನಕಲು ಮಾಡಿಕೊಂಡು ಬಂದಿದ್ದರು. ಯಾರೂ ತಂತಿಯನ್ನು ಕೇಳಿರಲಿಲ್ಲ. ಉದ್ದ, ಎಳೆತ, ತೂಕ ಮೂರನ್ನೂ ಕೂಡಿಸಿ ಪೂರ್ಣ ಸೂತ್ರವನ್ನು ಮೆರ್ಸೆನ್ ತನ್ನ ೧೬೩೬ರ ಗ್ರಂಥದಲ್ಲಿ ಕೊಟ್ಟ. ಇಂದಿಗೂ ತಂತಿಯ ದಪ್ಪವನ್ನು ಲೆಕ್ಕಹಾಕುವವರು ಆ ಸೂತ್ರವನ್ನೇ ಬಳಸುತ್ತಾರೆ.

ಮಂದ್ರ ತಂತಿಯ ಮೂಕತನಕ್ಕೆ ಹಲವು ಪರಿಹಾರಗಳನ್ನು ಹುಡುಕಲಾಯಿತು. ದಪ್ಪ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ತೆಳು ತಂತಿಯನ್ನು ಜೊತೆಗಾತಿಯಾಗಿ ಕಟ್ಟಿ ಹೊಳಪು ತರುವುದು ಒಂದು ಉಪಾಯ. ಡೌಲಂಡನಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಸಂಗೀತದ ನಿಯಮಕ್ಕೆ ಹೊರತು ಎಂದು ಆತ ಆಕ್ಷೇಪಿಸಿದ. ೧೬ನೆಯ ಶತಮಾನದ ಕೊನೆಯಲ್ಲಿ ಇಟಲಿಯವರು ಲ್ಯೂಟಿನ ಕೊರಳಿಗೇ ಮತ್ತೊಂದು ನೀಳವಾದ ಕೊರಳನ್ನು ಬೆಳೆಸಿದರು. ಥಿಯೋರ್ಬೋ ಎಂದು ಹೆಸರಾದ ಆ ವಾದ್ಯ ಆಳೆತ್ತರವಿದ್ದು, ಉದ್ದವಾದ ತಂತಿಯಿಂದ ತಗ್ಗಿನ ಸ್ವರವನ್ನು ಪಡೆಯುತ್ತದೆ. ಅದನ್ನು ಹೊತ್ತು ಬಾಗಿಲು ದಾಟುವುದೇ ಒಂದು ವಿದ್ಯೆ. ಇನ್ನು ಕೆಲವರು ಹಗ್ಗ ಹೊಸೆಯುವಂತೆ ಹುರಿಗೆ ಹುರಿ ಸೇರಿಸಿ ಬಳುಕುವ ದಪ್ಪ ತಂತಿಯನ್ನು ಮಾಡಿದರೆಂದು ಆಧುನಿಕ ಸಂಶೋಧಕರು ಊಹಿಸುತ್ತಾರೆ.

ನಿರ್ಣಾಯಕ ತಿರುವು ಬಂದದ್ದು ಲೋಹದ ಸಹಾಯದಿಂದ. ಕರುಳು ಅಥವಾ ರೇಷ್ಮೆಯ ಎಳೆಯ ಮೇಲೆ ತೆಳುವಾದ ಬೆಳ್ಳಿಯ ತಂತಿಯನ್ನು ಸುತ್ತಿದರೆ ದಪ್ಪ ಹೆಚ್ಚದೆ ತೂಕ ಹೆಚ್ಚುತ್ತದೆ. ಲಂಡನ್ನಿನಲ್ಲಿದ್ದ ಸ್ಯಾಮ್ಯುಯೆಲ್ ಹಾರ್ಟ್‌ಲಿಬ್ ಎಂಬ ಜಿಜ್ಞಾಸು ೧೬೫೯ರ ತನ್ನ ಟಿಪ್ಪಣಿ ಪುಸ್ತಕದಲ್ಲಿ, ಗೊರೆಟ್ಸ್ಕಿ ಎಂಬಾತ ಬೆಳ್ಳಿ ಸುತ್ತಿದ ಲ್ಯೂಟ್ ತಂತಿಗಳನ್ನು ಕಂಡುಹಿಡಿದಿರುವನೆಂದು ಬರೆದಿಟ್ಟಿದ್ದಾನೆ. ೧೬೬೪ರಲ್ಲಿ ಪ್ರಕಾಶಕ ಜಾನ್ ಪ್ಲೇಫೋರ್ಡ್ ಅಂಥ ತಂತಿಗಳ ಜಾಹೀರಾತನ್ನೇ ಅಚ್ಚುಮಾಡಿದ. ಒಬ್ಬನ ದಿನಚರಿಯ ಮೂಲೆಯಲ್ಲಿದ್ದ ಒಂದು ಸಾಲು ಮುಂದೆ ವಾದ್ಯಗಳ ದಿಕ್ಕನ್ನೇ ಬದಲಿಸಿತು. ಗಿಟಾರ್ ಚಿಕ್ಕದಾಗಿದ್ದೂ ಗಂಭೀರ ಮಂದ್ರವನ್ನು ಪಡೆಯಲು ಸಾಧ್ಯವಾದದ್ದು ಈ ಸುತ್ತುತಂತಿಯಿಂದ.

ಆದರೆ ಮಂದ್ರವೇ ಎಲ್ಲರ ಗುರಿಯಾಗಿತ್ತೆಂದು ತಿಳಿಯಬಾರದು. ಸ್ಪೇನಿನ ಗಾಸ್ಪಾರ್ ಸಾನ್ಸ್ ೧೬೭೪ರಲ್ಲಿ ಸರಗೋಸಾ ನಗರದಲ್ಲಿ ಪ್ರಕಟಿಸಿದ ಗಿಟಾರ್ ಪಾಠಗ್ರಂಥದಲ್ಲಿ ತಂತಿಯ ಆಯ್ಕೆಯನ್ನು ಕುರಿತು ಬಹು ವಿವೇಕದ ಮಾತುಗಳಿವೆ. ಅಂದಿನ ಗಿಟಾರಿಗೆ ಐದು ಜೋಡಿ ತಂತಿಗಳು. ರೋಮ್ ನಗರದ ಗುರುಗಳು ನಾಲ್ಕನೆಯ, ಐದನೆಯ ಜೋಡಿಗಳಿಗೂ ತೆಳು ತಂತಿಗಳನ್ನೇ ಕಟ್ಟುತ್ತಾರೆ. ಸ್ಪೇನಿನಲ್ಲಿ ದಪ್ಪ ತಂತಿಯ ಬಳಕೆಯಿದೆ ಎಂದು ಆತ ಎರಡೂ ಪದ್ಧತಿಗಳನ್ನು ಮುಂದಿಡುತ್ತಾನೆ. ಗದ್ದಲದ ಮೇಳಕ್ಕೆ, ಹಾಡಿಗೆ ಆಧಾರ ಸ್ವರ ನೀಡುವುದಕ್ಕೆ ದಪ್ಪ ತಂತಿ ಲೇಸು. ಒಂದೊಂದೇ ಸ್ವರವನ್ನು ಬಿಡಿಸಿ, ಗಂಟೆಗಳ ಕಿಣಿಕಿಣಿಯಂತೆ ಒಂದರ ಮೇಲೊಂದು ಉಲಿಯುವಂತೆ ನುಡಿಸಬೇಕಾದರೆ ತೆಳು ತಂತಿಯೇ ಲೇಸು. ಇಲ್ಲಿ ಒಳ್ಳೆಯ ತಂತಿ, ಕೆಟ್ಟ ತಂತಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಏನನ್ನು ನುಡಿಸಬೇಕೆಂಬುದನ್ನು ಮೊದಲು ಅರಿತವನಿಗೆ ತಂತಿ ತಾನಾಗಿ ಗೊತ್ತಾಗುತ್ತದೆ. ಸಾನ್ಸನ ಗಿಟಾರ್ ಕೃತಿಗಳನ್ನು ಇಂದಿನ ಆರು ತಂತಿಯ ವಾದ್ಯದಲ್ಲಿ ನುಡಿಸಿದಾಗ ಸ್ವರಗಳ ಸಾಲು ಕೆಲವೆಡೆ ಹಠಾತ್ತನೆ ಕುಪ್ಪಳಿಸಿದಂತೆ ಕೇಳುವುದಕ್ಕೆ ಕಾರಣ ಈ ತಂತಿ ವ್ಯತ್ಯಾಸವೇ ಹೊರತು ರಚನಕಾರನ ದೋಷವಲ್ಲ.

ಕರುಳಿನ ಕಷ್ಟಗಳೂ ಕಡಿಮೆಯಲ್ಲ. ಹವೆಯ ತೇವಕ್ಕೆ ಅದು ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ, ಬೆವರಿಗೆ ಎಳೆ ಬಿಡುತ್ತದೆ. ಎಂಬತ್ತು ವರ್ಷ ಬಾಳಿದ ಲ್ಯೂಟ್ ವಾದಕ ಅದರಲ್ಲಿ ಅರವತ್ತು ವರ್ಷಗಳನ್ನು ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂದು ಜರ್ಮನಿಯ ಮಾಟೆಸಾನ್ ೧೭೧೩ರಲ್ಲಿ ಗೇಲಿ ಮಾಡಿದ. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಗಾಯಕ ಥಾಮಸ್ ಮೇಸ್ ೧೬೭೬ರ ತನ್ನ ಗ್ರಂಥದಲ್ಲಿ ತಂತಿಗಳ ಜಾತಿಗಳನ್ನು, ಅವುಗಳನ್ನು ಕೆಡದಂತೆ ಕಾಪಾಡುವ ಬಗೆಯನ್ನು ತಾಯಿಯ ಕಾಳಜಿಯಿಂದ ಹೇಳುತ್ತಾನೆ. ಹಗಲಲ್ಲಿ ಲ್ಯೂಟನ್ನು ಕೆಳಗಿಡುವಾಗ ದಿನವೂ ಬಳಸುವ ಹಾಸಿಗೆಯಲ್ಲಿ ಮೇಲುಹೊದಿಕೆ ಮತ್ತು ಕಂಬಳಿಯ ನಡುವೆ ಮಲಗಿಸಿರಿ. ಒಳಗಿನ ಬಟ್ಟೆಗಳ ನಡುವೆ ಮಾತ್ರ ಇಡಬೇಡಿರಿ, ಅಲ್ಲಿ ತೇವವಿರಬಹುದು ಎಂದು ಆತನ ಸಲಹೆ. ನಗು ತರಿಸುವ ಈ ಮಾತಿನ ಹಿಂದೆ ಒಂದು ವ್ಯಥೆಯಿದೆ. ಆ ಹೊತ್ತಿಗೆ ಮೇಸ್ ಬಹುಮಟ್ಟಿಗೆ ಕಿವುಡನಾಗಿದ್ದ. ತನಗೆ ಕೇಳುವಷ್ಟು ದನಿಯ ವಾದ್ಯ ಬೇಕೆಂದು ೧೬೭೨ರಲ್ಲಿ ಎರಡು ಲ್ಯೂಟುಗಳನ್ನು ಬೆಸೆದಂಥ ಐವತ್ತು ತಂತಿಗಳ ವಾದ್ಯವನ್ನು ತಾನೇ ರೂಪಿಸಿಕೊಂಡಿದ್ದ. ನಾದವು ಕಿವಿಯನ್ನು ಬಿಟ್ಟುಹೋಗುತ್ತಿದ್ದ ದಿನಗಳಲ್ಲಿ ಆತ ಇತರರ ತಂತಿಗಳು ಕೆಡದಿರಲೆಂದು ಪುಟಗಟ್ಟಲೆ ಬರೆದ.

ಲ್ಯೂಟ್ ೧೮ನೆಯ ಶತಮಾನದ ಕೊನೆಗೆ ಮರೆಯಾಯಿತು. ಗಿಟಾರ್ ಉಳಿಯಿತು, ೧೮೦೦ರ ಆಸುಪಾಸಿನಲ್ಲಿ ಜೋಡಿಗಳನ್ನು ತೊರೆದು ಆರು ಒಂಟಿ ತಂತಿಗಳ ವಾದ್ಯವಾಯಿತು. ಮೇಲಿನ ಮೂರು ಕರುಳಿನವು, ಕೆಳಗಿನ ಮೂರು ರೇಷ್ಮೆಯ ಮೇಲೆ ಲೋಹ ಸುತ್ತಿದವು. ಸ್ಪೇನಿನ ಅಂತೋನಿಯೋ ದೆ ತೋರೆಸ್ ಇಂದಿನ ಗಿಟಾರಿನ ಮೈಕಟ್ಟನ್ನು ರೂಪಿಸಿದ್ದು ಇಂಥ ತಂತಿಗಳಿಗಾಗಿಯೇ. ೧೯೦೯ರಲ್ಲಿ ನಿಧನನಾದ ತಾರೆಗ ಮತ್ತು ಆತನ ಶಿಷ್ಯ ಎಮಿಲಿಯೋ ಪುಜೋಲ್ ಉಗುರನ್ನು ತೊರೆದು ಬೆರಳಿನ ಮಾಂಸಲ ತುದಿಯಿಂದಲೇ ಮಿಡಿಯುವ ಪಂಥವನ್ನು ಹಿಡಿದರು. ಕರುಳಿಗೆ ಬೆರಳಿನ ಮೃದುತ್ವ ಒಪ್ಪುತ್ತದೆ. ಉಗುರು ಅದನ್ನು ಬೇಗ ಸವೆಸುತ್ತದೆ.

ಇದೇ ಕಾಲದಲ್ಲಿ ಕರುಳಿನ ಕಸುಬು ಸಂಗೀತದ ಎಲ್ಲೆಯನ್ನು ಮೀರಿ ಲೋಕಕ್ಕೆ ಒಂದು ಉಪಕಾರವನ್ನು ಮಾಡಿತು. ಪ್ಯಾರಿಸ್ಸಿನ ಕರುಳು ಕಾರ್ಖಾನೆಗಳ ದುರ್ನಾತ ನೆರೆಹೊರೆಗೆ ಸಹಿಸಲಸಾಧ್ಯವಾಗಿತ್ತು. ಅದಕ್ಕೆ ಪರಿಹಾರ ಕಂಡುಹಿಡಿದವರಿಗೆ ಬಹುಮಾನ ಘೋಷಣೆಯಾಯಿತು. ಲಬರಾಕ್ ಎಂಬ ಔಷಧಿ ತಯಾರಕ ೧೮೨೦ರಲ್ಲಿ ಆ ಬಹುಮಾನವನ್ನು ಪಡೆದ. ಆತ ಬಳಸಿದ್ದು ಇಂದು ಊರೂರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಜಾತಿಗೆ ಸೇರಿದ ಕ್ಲೋರಿನ್ ದ್ರಾವಣ. ಕರುಳಿನ ಕೊಳೆತವನ್ನು ತಡೆದ ದ್ರಾವಣ ಗಾಯದ ಕೊಳೆತವನ್ನೂ ತಡೆಯಬಲ್ಲುದೆಂದು ಮನಗಂಡ ಆತ ಅದನ್ನು ಆಸ್ಪತ್ರೆಗಳಿಗೆ ಕೊಂಡೊಯ್ದ. ಮುಂದೆ ೧೮೬೯ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಶುದ್ಧೀಕರಿಸಿದ ಕರುಳಿನ ದಾರದಿಂದ ರಕ್ತನಾಳಗಳನ್ನು ಕಟ್ಟುವ ಕ್ರಮವನ್ನು ಪ್ರಕಟಿಸಿದ. ಒಡಲೊಳಗೆ ತಾನಾಗಿ ಕರಗುವ ಆ ದಾರ ಶಸ್ತ್ರಚಿಕಿತ್ಸೆಯ ನೆಚ್ಚಿನ ಸಾಧನವಾಯಿತು. ನಾದಕ್ಕೂ ಗಾಯಕ್ಕೂ ಒಂದೇ ಎಳೆ ಬೇಕಾಯಿತು.

ಈ ಎರಡು ಬೇಡಿಕೆಗಳು ಎದುರುಬದುರಾಗಿ ನಿಂತದ್ದು ಎರಡನೆಯ ಮಹಾಯುದ್ಧದಲ್ಲಿ. ಗಾಯಾಳು ಸೈನಿಕರ ಹೊಲಿಗೆಗೆ ಕರುಳು ಬೇಕಾದಾಗ ಗಿಟಾರಿಗೆ ಉಳಿಯುವುದೆಲ್ಲಿ? ಸ್ಪೇನಿನ ಮಹಾವಾದಕ ಆಂದ್ರೆಸ್ ಸೆಗೋವಿಯಾನಿಗೂ ತಂತಿ ದುರ್ಲಭವಾಯಿತು. ಇತ್ತ ಅಮೆರಿಕೆಯ ಡುಪಾಂಟ್ ಸಂಸ್ಥೆಯಲ್ಲಿ ವಾಲೇಸ್ ಕರೋದರ್ಸ್ ಎಂಬ ರಸಾಯನ ವಿಜ್ಞಾನಿಯ ತಂಡ ೧೯೩೫ರಲ್ಲಿ ನೈಲಾನನ್ನು ಸೃಷ್ಟಿಸಿತ್ತು. ೧೯೩೮ರಲ್ಲಿ ಅದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ, ೧೯೪೦ರಲ್ಲಿ ಹೆಂಗಸರ ಕಾಲುಚೀಲವಾಗಿ ಮಾರುಕಟ್ಟೆಗೆ ಬಂದಿತ್ತು. ಡೆನ್ಮಾರ್ಕಿನಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ವಾದ್ಯಕುಶಲಿ ಆಲ್ಬರ್ಟ್ ಆಗಸ್ಟೀನ್, ಸೇನೆಯ ಉಳಿಕೆ ಸಾಮಾನುಗಳ ಅಂಗಡಿಯಲ್ಲಿ ಸಿಕ್ಕ ನೈಲಾನ್ ದಾರವನ್ನು ಗಿಟಾರಿಗೆ ಕಟ್ಟಿ ಪ್ರಯೋಗಿಸಿದನೆಂದು ಅವನ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ. ದಾರ ತಯಾರಿಸುವವರಿಗೆ ನಂಬಿಕೆ ಬರಲಿಲ್ಲವಂತೆ. ಯಾವುದು ಕರುಳು, ಯಾವುದು ನೈಲಾನ್ ಎಂದು ತಿಳಿಯದಂತೆ ಎರಡನ್ನೂ ಕೇಳಿಸಿದಾಗ ಅವರು ಮೆಚ್ಚಿದ್ದು ನೈಲಾನನ್ನೇ ಎಂಬುದು ಅದೇ ಕಥೆಯ ಮುಂದಿನ ಭಾಗ. ಸೆಗೋವಿಯಾನ ಪ್ರೋತ್ಸಾಹದಿಂದ ತಂತಿ ಪಕ್ವವಾಗಿ, ೧೯೪೦ರ ದಶಕ ಮುಗಿಯುವ ಹೊತ್ತಿಗೆ ಮಾರಾಟಕ್ಕೆ ಬಂದಿತು. ಕೆಲವೇ ವರ್ಷಗಳಲ್ಲಿ ಗಿಟಾರಿನಿಂದ ಕರುಳು ಬಹುಮಟ್ಟಿಗೆ ಕಣ್ಮರೆಯಾಯಿತು.

ಇಲ್ಲಿ ಪ್ರಾಮಾಣಿಕವಾಗಿ ನೋಡಬೇಕಾದ ಅಂಶವೊಂದಿದೆ. ಒಂದು ವಾದ್ಯಪರಂಪರೆ ಪ್ರಾಣಿಯ ಕರುಳನ್ನು ಬಿಟ್ಟುಕೊಟ್ಟಿತೆಂಬುದು ದಯೆಯನ್ನು ಧರ್ಮದ ಮೂಲವೆಂದು ನಂಬಿದವರಿಗೆ ಸಮಾಧಾನ ತರುವ ಸಂಗತಿ. ಆದರೆ ಅದು ದಯೆಯಿಂದ ಆದದ್ದಲ್ಲ. ಯುದ್ಧದ ಕೊರತೆಯಿಂದ ಆದದ್ದು. ಕುರಿಯನ್ನು ಕೊಲ್ಲುತ್ತಿದ್ದುದೂ ತಂತಿಗಾಗಿ ಅಲ್ಲ. ಮಾಂಸಕ್ಕಾಗಿ ಕೊಂದ ಕುರಿಯ ಕರುಳು ಹೊಸೆಯುವವರ ಕೈಗೆ ಬರುತ್ತಿತ್ತು. ಹಾಗೆಂದು ಲೆಕ್ಕ ಚುಕ್ತಾ ಆಗುವುದೂ ಇಲ್ಲ. ಮಧುರವಾದ ಒಂದು ಸ್ವರದ ಹಿಂದೆ ಎಳೆಯ ಜೀವವೊಂದಿತ್ತೆಂಬುದನ್ನು ಆ ಕಾಲದ ಗ್ರಂಥಗಳು ಬಣ್ಣ, ನುಣುಪು, ಬೆಲೆಗಳ ಮಾತಿನಲ್ಲಿ ಮುಚ್ಚಿಬಿಡುತ್ತವೆ.

ನೈಲಾನ್ ಕೊಟ್ಟದ್ದು ಹೆಚ್ಚು: ಬಾಳಿಕೆ, ಸಮತೆ, ತೇವಕ್ಕೆ ಅಂಜದ ಸ್ಥಿರತೆ, ಕಡಿಮೆ ಬೆಲೆ. ‘ಸುಳ್ಳು’ ತಂತಿಗಳು ಅಪರೂಪವಾದವು. ಉಗುರಿನಿಂದ ಮಿಡಿಯುವ ಸೆಗೋವಿಯಾನ ಶೈಲಿಗೆ ಅದು ಚೆನ್ನಾಗಿ ಒಗ್ಗಿತು. ದೊಡ್ಡ ಸಭಾಂಗಣಗಳಲ್ಲಿ ನಿರ್ಭಯವಾಗಿ ನುಡಿಸುವುದು ಸಾಧ್ಯವಾಯಿತು. ಕಳೆದುಕೊಂಡದ್ದೂ ಇದೆ. ನೈಲಾನ್ ಕರುಳಿಗಿಂತ ಹಗುರ. ಅದೇ ಸ್ವರಕ್ಕೆ, ಅದೇ ಎಳೆತಕ್ಕೆ ದಪ್ಪನೆಯ ತಂತಿ ಬೇಕು. ೬೫ ಸೆಂಟಿಮೀಟರ್ ಉದ್ದದ ಗಿಟಾರಿನಲ್ಲಿ ಮೊದಲ ತಂತಿ ಸುಮಾರು ೦.೭ ಮಿಲಿಮೀಟರ್ ಇದ್ದರೆ ಮೂರನೆಯದು ಒಂದು ಮಿಲಿಮೀಟರನ್ನು ದಾಟುತ್ತದೆ. ಆ ಮೂರನೆಯ ತಂತಿಯ ಮಂಕುದನಿ ಗಿಟಾರ್ ವಾದಕರ ತೀರದ ಕೊರಗು. ಅದಕ್ಕೆ ಉತ್ತರವಾಗಿ ೨೦ನೆಯ ಶತಮಾನದ ಕೊನೆಯಲ್ಲಿ ಮೀನಿನ ಗಾಳದ ದಾರಕ್ಕೆ ಬಳಸುವ ಫ್ಲೋರೋಕಾರ್ಬನ್ ಬಂದಿತು. ವಾದಕರು ‘ಕಾರ್ಬನ್’ ಎಂದು ಕರೆಯುವ ಈ ತಂತಿ ಕರುಳಿಗಿಂತಲೂ ಭಾರ. ಆದುದರಿಂದ ತೆಳುವಾಗಿದ್ದೇ ಹೊಳೆಯುವ ದನಿ ಕೊಡುತ್ತದೆ. ಕೆಲವರಿಗೆ ಆ ಹೊಳಪು ಕಿವಿಗೆ ಚುಚ್ಚುತ್ತದೆ; ಅಂಥವರು ಮೊದಲೆರಡು ನೈಲಾನ್, ಮೂರನೆಯದು ಮಾತ್ರ ಕಾರ್ಬನ್ ಎಂದು ಬೆರೆಸಿ ಕಟ್ಟುತ್ತಾರೆ.

ಆರು ತಂತಿಗಳ ಒಟ್ಟು ಎಳೆತ ಸುಮಾರು ೪೦ ಕಿಲೋಗ್ರಾಂ ತೂಕಕ್ಕೆ ಸಮ. ಆದ್ದರಿಂದ ತಂತಿಯ ಆಯ್ಕೆಯಲ್ಲಿ ಕಿವಿಯಷ್ಟೇ ಮುಖ್ಯವಾದುದು ವಾದ್ಯದ ತಾಳ್ಮೆ. ೧೯ನೆಯ ಶತಮಾನದ ಹಗುರವಾದ ಗಿಟಾರಿಗೆ ಇಂದಿನ ‘ಹೈ ಟೆನ್ಶನ್’ ತಂತಿ ಬಿಗಿದರೆ ಮೇಲ್ಹಲಗೆ ಉಬ್ಬಿ, ಕುದುರೆ ಕಿತ್ತು ಬರಬಹುದು. ನೈಲಾನಿಗಾಗಿ ಕಟ್ಟಿದ ಗಿಟಾರಿಗೆ ಉಕ್ಕಿನ ತಂತಿ ಹಾಕುವುದಂತೂ ವಾದ್ಯವನ್ನು ಕೊಂದಂತೆಯೇ. ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ಗಿಟಾರಿಗೆ ಅಂಗಡಿಯಲ್ಲಿ ಕೈಗೆ ಸಿಕ್ಕ ತಂತಿಯನ್ನು ಕಟ್ಟಿ ಕೈಸುಟ್ಟುಕೊಂಡವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ.

ಇತ್ತ ಲ್ಯೂಟ್ ೨೦ನೆಯ ಶತಮಾನದಲ್ಲಿ ಮರುಹುಟ್ಟು ಪಡೆಯಿತು. ಮೊದಲ ತಲೆಮಾರಿನ ವಾದ್ಯಗಳು ಗಿಟಾರಿನಂತೆ ಭಾರವಾಗಿ, ನೈಲಾನ್ ತಂತಿ ಹೊತ್ತಿದ್ದವು. ಇಂಗ್ಲೆಂಡಿನ ಜೂಲಿಯನ್ ಬ್ರೀಮ್ ಡೌಲಂಡನ ಕೃತಿಗಳನ್ನು ಲಕ್ಷಾಂತರ ಜನರಿಗೆ ಕೇಳಿಸಿದ್ದು ಅಂಥ ವಾದ್ಯದ ಮೇಲೆಯೇ. ಅನಂತರ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಲ್ಯೂಟುಗಳನ್ನು ಅಳೆದು ನೋಡಿದ ತಲೆಮಾರು ಬಂದಿತು. ೧೯೭೪ರಲ್ಲಿ ಜಿಲ್ಡಾ ಅಬಟ್ ಮತ್ತು ಎಫ್ರೈಮ್ ಸೆಗರ್‌ಮನ್ ಹಳೆಯ ತಂತಿಗಳನ್ನು ಕುರಿತು ಪ್ರಕಟಿಸಿದ ಪ್ರಬಂಧ ಈ ಶೋಧಕ್ಕೆ ದಾರಿ ತೋರಿತು. ಆ ತೆಳುವಾದ ಒಡಲುಗಳು ನುಡಿಯಬೇಕಾದರೆ ಅವುಗಳ ಕಾಲದ ತಂತಿಯೇ ಬೇಕೆಂದು ಅನೇಕರಿಗೆ ಮನವರಿಕೆಯಾಗಿ, ಕರುಳು ಮತ್ತೆ ಬಂದಿತು. ಇಟಲಿಯ ವಿಚೆಂಜಾ ನಗರದ ಮಿಮ್ಮೋ ಪೆರುಫೋ ಹಳೆಯ ಚಿತ್ರಗಳಲ್ಲಿ ಮಂದ್ರ ತಂತಿಗಳು ಕೆಂಪಾಗಿ ಕಾಣುವುದನ್ನೂ, ಹಳೆಯ ಲ್ಯೂಟುಗಳ ಕುದುರೆಯ ರಂಧ್ರಗಳು ತೀರ ಕಿರಿದಾಗಿರುವುದನ್ನೂ ಗಮನಿಸಿದರು. ಕರುಳಿಗೆ ಲೋಹದ ಲವಣಗಳನ್ನು ಊಡಿಸಿ ತೂಕ ಹೆಚ್ಚಿಸುತ್ತಿದ್ದಿರಬೇಕೆಂಬುದು ಅವರ ವಾದ. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಆದರೆ ಅದೇ ಪೆರುಫೋ ೧೯೯೦ರ ದಶಕದಲ್ಲಿ ಕರುಳಿನಷ್ಟೇ ಸಾಂದ್ರತೆಯ ಕೃತಕ ತಂತಿಯನ್ನು ರೂಪಿಸಿದರು. ‘ನೈಲ್‌ಗಟ್’ ಎಂಬ ಆ ತಂತಿಯಲ್ಲಿ ಪ್ರಾಣಿಯ ಅಂಶವಿಲ್ಲ. ದಪ್ಪವೂ ದನಿಯೂ ಕರುಳಿಗೆ ಹತ್ತಿರ. ಜೀವಹಾನಿಗೆ ಮನ ಒಗ್ಗದ ಲ್ಯೂಟ್ ವಾದಕರಿಗೆ, ಜೊತೆಗೆ ಜೇಬು ಹಗುರವಾದವರಿಗೆ, ಮೊದಲ ಬಾರಿಗೆ ನಿಜವಾದ ಆಯ್ಕೆಯೊಂದು ಒದಗಿತು.

ಆದರೂ ಕರುಳನ್ನೇ ಕಟ್ಟುವವರು ಇಂದಿಗೂ ಇದ್ದಾರೆ. ಬೆರಳ ತುದಿಗೆ ಅದು ಜಾರದೆ ಹಿಡಿತ ಕೊಡುತ್ತದೆ, ಸ್ವರ ಎದ್ದ ಕೂಡಲೇ ತಿಳಿಯಾಗಿ ಅಡಗುತ್ತದೆ, ಆದ್ದರಿಂದ ಹಳೆಯ ಕೃತಿಗಳ ಹೆಣೆದ ಸ್ವರಗಳು ಒಂದರೊಳಗೊಂದು ಕಲಸುವುದಿಲ್ಲ ಎಂಬುದು ಅವರ ಅನುಭವ. ಅವರ ವಾದ್ಯಪೆಟ್ಟಿಗೆಯಲ್ಲಿ ಮೊದಲ ತಂತಿಯ ಒಂದೆರಡು ಹೆಚ್ಚುವರಿ ಸುರುಳಿಗಳು ಸದಾ ಇರುತ್ತವೆ. ಕಛೇರಿಗೆ ಮುನ್ನ ತಂತಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲಾದರೂ ಕೂದಲೆಳೆಯಂಥ ನಾರೊಂದು ಎದ್ದಿದ್ದರೆ ಎಳೆಯುವುದಿಲ್ಲ. ಎಳೆದರೆ ಹುರಿ ಬಿಚ್ಚೀತು. ಉಗುರು ಕತ್ತರಿಯಿಂದ ಅದನ್ನು ಬುಡದಲ್ಲಿ ಕತ್ತರಿಸಿ, ಒಂದು ಹನಿ ಬಾದಾಮಿ ಎಣ್ಣೆಯನ್ನು ಬೆರಳಿನಿಂದ ಸವರಿ, ಬಿರಡೆಯನ್ನು ನಿಧಾನವಾಗಿ ತಿರುಗಿಸುತ್ತ ಮತ್ತೆ ಶ್ರುತಿ ಮಾಡತೊಡಗುತ್ತಾರೆ.